ಪಕ್ಕದ ಸೀಟಿನ ಭಾರ

ಮೊಬೈಲಿನಲ್ಲಿದ್ದ ಕೆಂಪು ಸ್ಪ್ರಿಂಗುಗಳ ಫೋಟೋ ತೋರಿಸಿದಾಗ ಅವನು ನಗಲಿಲ್ಲ. ಅವನಲ್ಲಿ ನನಗೆ ಮೊದಲು ಇಷ್ಟವಾದದ್ದು ಅದೇ.

"ಬಣ್ಣ ಚೆನ್ನಾಗಿದೆ," ಅಂದ, ಫೋನನ್ನು ಕೈಯಳತೆ ದೂರ ಹಿಡಿದು. "ಆದ್ರೆ ಇದನ್ನ ಹಾಕಿದ್ರೆ ನಿಮ್ಮ ಕಾರು ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಓಡುತ್ತೆ. ಮನೆ ಹತ್ರ ರಸ್ತೆ ಹೇಗಿದೆ?"

"ಹಳ್ಳ."

"ಹಳ್ಳ ಇದೆಯಾ?"

"ಹಳ್ಳಾನೇ. ನಡುನಡುವೆ ಅಲ್ಲಲ್ಲಿ ರಸ್ತೆ ಇದೆ."

ಆಗ ನಕ್ಕ. ನಕ್ಕಾಗ ಹುಬ್ಬಿನ ಮೇಲಿದ್ದ ಗ್ರೀಸಿನ ಗೀರು ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂತು. ಹೇಳಲೋ ಬೇಡವೋ ಎಂದು ಯೋಚಿಸಿ ಸುಮ್ಮನಾದೆ. ಒರೆಸಿಬಿಟ್ಟರೆ ಏನು ಮಾಡುವುದು?

ತಗಡಿನ ಸೂರಿನ ವರ್ಕ್‌ಶಾಪ್ ಅದು. ಒಂದು ಬದಿ ಅವನ ಅಣ್ಣ ಇಂಜಿನ್ ಕೆಲಸ ಮಾಡುತ್ತಿದ್ದ. ಇನ್ನೊಂದು ಬದಿ ಇವನದು, ಸಸ್ಪೆನ್ಷನ್ ಕೆಲಸ. ಮೂಲೆಯ ಗಾಜಿನ ಕೋಣೆಯಲ್ಲಿ ಅತ್ತಿಗೆ ಕೂತು ಬಿಲ್ಲು ಬರೆಯುತ್ತ, ಫೋನು ಎತ್ತುತ್ತ, ಹೊರಗೆ ನಡೆಯುವುದನ್ನೆಲ್ಲ ಮೀನಿನ ತೊಟ್ಟಿ ನೋಡಿದ ಹಾಗೆ ನೋಡುತ್ತಿದ್ದರು. ಮೀನು ಯಾರು ಅನ್ನುವುದು ಮಾತ್ರ ಹೇಳುವುದು ಕಷ್ಟ.

ಅವನು ನನ್ನ ಹಳೇ ಪುಟಾಣಿ ಕಾರಿನ ಮುಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಾರು ಮೇಲೆ ಕೆಳಗೆ, ಮೇಲೆ ಕೆಳಗೆ ತೂಗಿತು.

"ಒಂದು ಸಲ ತಲೆ ಆಡಿಸಿ ನಿಲ್ಬೇಕು. ಇದು ಹೂಂ ಹೂಂ ಅಂತಾನೇ ಇದೆ ನೋಡಿ. ಶಾಕ್ ಅಬ್ಸಾರ್ಬರ್ ಸತ್ತಿದೆ."

"ಪಾಪ, ಯಾರು ಏನಂದ್ರೂ ಒಪ್ಪಿಕೊಳ್ಳೋ ಸ್ವಭಾವ ಅದರದ್ದು," ಅಂದೆ. "ಶಾಕ್ ಒಂದೇ ಹಾಕಿದ್ರೆ ಸಾಲದಾ?"

"ಸ್ಪ್ರಿಂಗೂ ಕುಸಿದಿದೆ. ಸ್ಪ್ರಿಂಗು ಭಾರ ಹೊರುತ್ತೆ, ಶಾಕು ಅದರ ಕುಣಿತ ನಿಲ್ಲಿಸುತ್ತೆ. ಒಂದಕ್ಕೊಂದು ಹೊಂದ್ಬೇಕು. ಒಂದೇ ಕಂಪನಿಯ ಸೆಟ್ ತರಿಸೋಣ, ಎರಡೂ ಕಡೆಗೆ. ಒಂದು ಕಡೆಗೆ ಮಾತ್ರ ಹಾಕೋದಿಲ್ಲ, ಯಾವತ್ತೂ ಜೋಡಿ." ಆಮೇಲೆ ಕತ್ತನ್ನು ಸ್ವಲ್ಪ ಓರೆ ಮಾಡಿ, ಆ ಪ್ರಶ್ನೆ ಕೇಳಿದ. "ಅದರಲ್ಲೂ ಎರಡು ಥರ ಬರುತ್ತೆ. ಒಬ್ಬರೇ ಓಡಾಡೋರಿಗೆ ಮೆತ್ತಂದು. ಜನ ಕೂರಿಸ್ಕೊಂಡು ಹೋಗೋರಿಗೆ ಸ್ವಲ್ಪ ಎತ್ತರದ್ದು, ಗಟ್ಟಿ. ನೀವು ಮಾಮೂಲಿಯಾಗಿ ಎಷ್ಟು ಜನ?"

"ಇಬ್ಬರು," ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. 'ಮಾಮೂಲಿ' ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜಿ.

ಆ ಕಾರು ಅಜ್ಜಿಯದು. ಅವಳು ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವಳಲ್ಲ. ಪಕ್ಕದ ಸೀಟಿನಲ್ಲಿ ಕೂತೇ ಇಡೀ ಕಾರು ಓಡಿಸುತ್ತಿದ್ದಳು. ಬಾಗಿಲ ಮೇಲಿನ ಹಿಡಿಕೆ ಹಿಡಿದು, ಒಂದೊಂದು ಹಳ್ಳಕ್ಕೂ ಒಂದೊಂದು ಬೈಗುಳ ಬೈದು, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಕಥೆ ಮುಂದುವರಿಸುತ್ತಿದ್ದಳು. "ಎಲ್ಲಿದ್ವಿ? ಹಾಂ, ರಾಜಕುಮಾರಿ ಮರದ ಮೇಲಿದ್ಲು. ಇರ್ಲಿ ಬಿಡು, ಈ ತಿರುವು ದಾಟ್ಲಿ, ಆಮೇಲೆ ಇಳಿಸ್ತೀನಿ." ಸಿಗ್ನಲ್ಲಿನಲ್ಲಿ ರಾಕ್ಷಸರು ಸಾಯುತ್ತಿದ್ದರು, ಪೆಟ್ರೋಲ್ ಬಂಕಿನಲ್ಲಿ ಮದುವೆಗಳಾಗುತ್ತಿದ್ದವು. ಅವಳು ಹೋಗಿ ವರ್ಷ ತುಂಬಿರಲಿಲ್ಲ. ಅವಳಿಗೆಂದು ಮುಂದಕ್ಕೆ ಎಳೆದಿದ್ದ ಆ ಸೀಟನ್ನು ನಾನು ಇನ್ನೂ ಹಿಂದಕ್ಕೆ ತಳ್ಳಿರಲಿಲ್ಲ.

ಇಷ್ಟೆಲ್ಲ ಒಬ್ಬ ಮೆಕ್ಯಾನಿಕ್ಕಿಗೆ ಹೇಳುವುದು ಹೇಗೆ? ಹೇಳಲಿಲ್ಲ.

"ಇಬ್ಬರು," ಅಂತ ಅವನೂ ಹೇಳಿಕೊಂಡ. ಯಾಕೋ ಆಮೇಲೆ ಕಾರನ್ನೇ ನೋಡುತ್ತ ಮಾತಾಡಿದ.

*

ಫಿಟಿಂಗ್ ದಿನ ರಜೆ ಹಾಕಿ ಹೋದೆ. ಅವನು ಜಾಕ್ ಏರಿಸಿದ, ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನಿಟ್ಟ, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿದ, ಆಮೇಲಷ್ಟೇ ಕೈ ಹಾಕಿದ. ಹೊಸ ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅದುಮುವ ಹೊತ್ತು ಬಂದಾಗ ನನ್ನ ಕಡೆ ತಿರುಗಿದ.

"ಮೇಡಂ, ನೀವು ಆ ಕಂಬದ ಹಿಂದೆ ನಿಂತ್ಕೊಳ್ಳಿ."

"ಯಾಕೆ?"

"ಇದು ಈಗ ಸುಮ್ನೆ ಇರೋ ಹಾಗೆ ಕಾಣುತ್ತೆ. ಒಳಗೆ ಎಷ್ಟು ಸಿಟ್ಟು ತುಂಬ್ಕೊಂಡಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಜಾರಿದ್ರೆ ಕಷ್ಟ. ನಾನು ಕರೆದಾಗ ಬನ್ನಿ."

ಕಂಬದ ಹಿಂದೆ ನಿಂತು ನೋಡಿದೆ. ಎರಡು ಬದಿಯ ತಿರುಪನ್ನೂ ಸಮಸಮವಾಗಿ, ಇಲ್ಲೊಂದಿಷ್ಟು ಅಲ್ಲೊಂದಿಷ್ಟು, ಅವಸರವಿಲ್ಲದೆ ತಿರುಗಿಸುತ್ತಿದ್ದ. ಸ್ಪ್ರಿಂಗಿನ ನೇರಕ್ಕೆ ಎಂದೂ ಮುಖ ತರಲಿಲ್ಲ. ಯಾರೂ ಅಷ್ಟು ನಿಧಾನವಾಗಿ, ಅಷ್ಟು ಮರ್ಯಾದೆಯಿಂದ ಏನನ್ನಾದರೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. 'ಕರೆದಾಗ ಬನ್ನಿ' ಅಂದಿದ್ದನಲ್ಲ, ಕರೆಯಲಿ ಅಂತ ಕಾಯುತ್ತ ನಿಂತೆ.

ಎಲ್ಲ ಜೋಡಿಸಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿದ. "ಬುಶ್‌ಗಳ ಬೋಲ್ಟನ್ನ ಚಕ್ರ ನೇತಾಡ್ತಿರುವಾಗ ಪೂರ್ತಿ ಬಿಗೀಬಾರದು. ಕಾರು ತನ್ನ ಕಾಲ ಮೇಲೆ ನಿಂತಮೇಲೆ ಬಿಗೀಬೇಕು, ಇಲ್ದಿದ್ರೆ ಒಳಗಿನ ರಬ್ಬರು ತಿರುಚ್ಕೊಂಡು ಹರಿಯುತ್ತೆ. ನೀವು ಒಳಗೆ ಕೂತ್ಕೊಳ್ಳಿ. ಅವರು ಬರ್ಲಿಲ್ವಾ? ಇನ್ನೊಬ್ಬರು?"

"ಇಲ್ಲ... ಊರಲ್ಲಿಲ್ಲ," ಅಂದೆ. ಒಂದು ಸುಳ್ಳಿನ ಬೆನ್ನಿಗೆ ನಿಲ್ಲೋಕೆ ಇನ್ನೊಂದು.

"ಅತ್ತಿಗೇ, ಒಂದು ನಿಮಿಷ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ಇಬ್ಬರ ಭಾರ ಬೇಕು."

ಅತ್ತಿಗೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ಅಜ್ಜಿಯ ಸೀಟಿನಲ್ಲಿ ಕೂತರು. ಕೆಳಗಿನಿಂದ ರೆಂಚಿನ 'ಕಟಕ್' ಶಬ್ದ ಬರುತ್ತಿತ್ತು.

"ನಿಮ್ಮನೆಯವರಾ?" ಮೆಲ್ಲಗೆ ಕೇಳಿದರು.

"ಯಾರು?"

"ಅದೇ, ಊರಲ್ಲಿಲ್ಲದವರು."

ನಾನು ಏನೋ ಗೊಣಗಿದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಕೆಳಗೆ ರೆಂಚು ಒಂದು ಕ್ಷಣ ಸುಮ್ಮನಾದ ಹಾಗೆ ಅನಿಸಿತು.

*

ಅಲೈನ್‌ಮೆಂಟ್ ಮಾಡಿಸಿ ಮನೆಗೆ ಹೊರಟೆ. ಕಾರು ಹರೆಯದ ಹುಡುಗಿಯ ಹಾಗೆ ನಡೆಯಿತು. ಹಳ್ಳಕ್ಕಿಳಿದರೆ ಒಂದೇ ಸಲ ತಲೆಯಾಡಿಸಿ ಸುಮ್ಮನಾಗುತ್ತಿತ್ತು. ಆದರೆ ನಮ್ಮ ಬೀದಿಯ ಉಬ್ಬು ಹತ್ತುವಾಗ ಪಕ್ಕದ ಸೀಟಿನ ಕಡೆಯ ಚಕ್ರದಿಂದ ಒಂದು ಶಬ್ದ.

ಟಕ್.

ಸಣ್ಣದು, ಒಣಗಿದ್ದು. ಬೆರಳ ಗಂಟಿನಿಂದ ಯಾರೋ ಬಾಗಿಲು ಬಡಿದ ಹಾಗೆ.

ಮಾರನೇ ದಿನ ಹೋದೆ. ಆ ವರ್ಕ್‌ಶಾಪಿಗೊಂದು ಕಟ್ಟಳೆ ಇತ್ತು: ಗಿರಾಕಿ ಜೊತೆಗಿಲ್ಲದೆ ಗಿರಾಕಿಯ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಹಿಂದೆ ಯಾರೋ ಕಾರಿಗೆ ಗೀರು ಬಿತ್ತೆಂದು ಜಗಳ ತೆಗೆದಿದ್ದರಂತೆ. ಅಂದಿನಿಂದ ಅಣ್ಣನ ಅಪ್ಪಣೆ. ಹಾಗಾಗಿ ಅವನು ಓಡಿಸಿದ, ನಾನು ಪಕ್ಕದಲ್ಲಿ. ಆಮೇಲೆ ನಾನು ಓಡಿಸಿದೆ, ಅವನು ಪಕ್ಕದಲ್ಲಿ, ಕತ್ತು ಓರೆ ಮಾಡಿ, ಕಿವಿಯನ್ನು ಕಾಲ ಕಡೆ ಇಳಿಸಿ.

ಉಬ್ಬು ಬಂತು. ಹೋಯಿತು. ಏನೂ ಇಲ್ಲ.

"ಇನ್ನೊಂದು ಸಲ," ಅಂದೆ.

ಇನ್ನೊಂದು ಸಲವೂ ಏನೂ ಇಲ್ಲ.

"ಬರುತ್ತೆ, ನಿಜವಾಗ್ಲೂ ಬರುತ್ತೆ," ಅಂದೆ, ಮಗು ಹಟ ಹಿಡಿದ ಹಾಗೆ.

"ಬಂದ್ರೆ ಮತ್ತೆ ಬನ್ನಿ," ಅಂದ ಮೆತ್ತಗೆ. ನನ್ನ ಮುಖ ನೋಡಲಿಲ್ಲ. ಅಷ್ಟು ಹತ್ತಿರ ಕೂತವನು ಇಡೀ ದಾರಿ ಕಿವಿಯಿಂದ ಚಕ್ರವನ್ನೇ ನೋಡುತ್ತಿದ್ದ.

ಮತ್ತೆ ಹೋದೆ. ಮತ್ತೂ ಹೋದೆ. ಒಬ್ಬಳೇ ಇದ್ದಾಗ ಟಕ್, ಅವನಿದ್ದಾಗ ಮೌನ. ಒಮ್ಮೆ ಜಾಕ್ ಏರಿಸಿ ಒಂದೊಂದು ನಟ್ಟನ್ನೂ ನೋಡಿದ. ಎಲ್ಲವೂ ಬಿಗಿಯಾಗಿತ್ತು.

ನಾನು ಕೆಲಸ ಮಾಡುವುದು ಕಿವಿ ಪರೀಕ್ಷೆಯ ಕೋಣೆಯಲ್ಲಿ. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ನಾನು ಸಣ್ಣ ಸಣ್ಣ ಶಬ್ದ ಕಳಿಸುತ್ತೇನೆ. ಕೇಳಿಸಿದರೆ ಅವರು ಬಟನ್ ಒತ್ತಬೇಕು. ಕೆಲವರು ನಾನು ಏನೂ ಕಳಿಸದಿದ್ದಾಗಲೂ ಒತ್ತುತ್ತಾರೆ. ಅವರು ಸುಳ್ಳು ಹೇಳುವವರಲ್ಲ. ಕೇಳಿಸಲಿ ಅನ್ನುವ ಆಸೆ ಎಷ್ಟು ಜೋರಾಗಿರುತ್ತದೆಂದರೆ, ಆಸೆಯೇ ಕೇಳಿಸಿಬಿಡುತ್ತದೆ.

ಒಂದು ಸಂಜೆ ಕೋಣೆ ಬಾಗಿಲು ಹಾಕುವಾಗ ನನ್ನನ್ನೇ ಕೇಳಿಕೊಂಡೆ: ನಾನೂ ಸುಮ್ಮಸುಮ್ಮನೆ ಬಟನ್ ಒತ್ತುತ್ತಿದ್ದೇನಾ? ಆ ಶಬ್ದ ಚಕ್ರದಲ್ಲಿದೆಯೋ, ಅಲ್ಲಿಗೆ ಹೋಗಬೇಕೆನ್ನುವ ನನ್ನ ಆಸೆಯಲ್ಲಿದೆಯೋ? ಕಿವಿಯನ್ನೇ ನಂಬಿ ಅನ್ನ ತಿನ್ನುವವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂದರೆ ಉಳಿಯುವುದು ಏನು?

ಆದರೂ ಇನ್ನೊಮ್ಮೆ ಹೋದೆ. ಕಾರನ್ನು ಹೊರಗೇ ನಿಲ್ಲಿಸಿ ಗಾಜಿನ ಕೋಣೆಯ ಹತ್ತಿರ ಬಂದಾಗ ಒಳಗಿಂದ ಮಾತು ಕೇಳಿಸಿತು.

"ನಿನ್ನ ಟಕ್‌ಟಕ್ ಮೇಡಂ ಈ ವಾರ ಬರ್ಲಿಲ್ವಲ್ಲೋ," ಅತ್ತಿಗೆಯ ದನಿ. "ಅವರ ಮನೆಯವರೂ ಆ ಶಬ್ದದ ಥರಾನೇ ಕಣೋ. ಇದ್ದಾರೆ ಅಂತಾರೆ, ಕಾಣೋದಿಲ್ಲ."

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಶಬ್ದ ಇದ್ದಿದ್ರೆ ನನಗೆ ಕೇಳಿಸ್ತಿತ್ತು ಅತ್ತಿಗೆ," ಅಂದ.

ಹಾಗೇ ತಿರುಗಿ ಬಂದುಬಿಟ್ಟೆ. ದಾರಿಯುದ್ದಕ್ಕೂ ಟಕ್, ಟಕ್. ರೇಡಿಯೋ ಜೋರು ಮಾಡಿದೆ.

*

ಆಮೇಲೆ ನಾನು ಹೋಗಲೇ ಇಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರಮ್ಮನ ಕಾರು ಕೆಟ್ಟು ಅವರನ್ನು ಮನೆಗೆ ಬಿಡಬೇಕಾಗಿ ಬರದಿದ್ದರೆ ಹೋಗುತ್ತಲೂ ಇರಲಿಲ್ಲವೇನೋ.

ದೊಡ್ಡ ಮೈಯ, ದೊಡ್ಡ ನಗುವಿನ ಹೆಂಗಸು ಅವರು. ಬಾಗಿಲು ತೆರೆದು ಒಮ್ಮೆ ಅನುಮಾನದಿಂದ ನೋಡಿದರು. "ನನ್ನನ್ನ ಕೂರಿಸ್ಕೊಂಡ್ರೆ ನಿನ್ನ ಗಾಡಿ ಒಂದು ಕಡೆ ವಾಲುತ್ತೆ ಕಣೇ."

"ಕೂತ್ಕೊಳ್ಳಿ ಮೇಡಂ. ಗಟ್ಟಿ ಸ್ಪ್ರಿಂಗು ಹಾಕ್ಸಿದೀನಿ."

ಅವರ ಮನೆಯವರೆಗೆ ಎಷ್ಟು ಉಬ್ಬುಗಳೋ. ಒಂದರಲ್ಲೂ ಶಬ್ದವಿಲ್ಲ. ಅವರನ್ನು ಇಳಿಸಿ, ಅದೇ ಬೀದಿಯಲ್ಲಿ ಕಾರು ತಿರುಗಿಸಿ, ಅದೇ ಉಬ್ಬು ಹತ್ತಿದೆ.

ಟಕ್.

ಕಾರನ್ನು ಬದಿಗೆ ನಿಲ್ಲಿಸಿ ಖಾಲಿ ಸೀಟನ್ನು ನೋಡಿದೆ. ಹತ್ತಿರದ ಅಂಗಡಿಯಿಂದ ನೀರಿನ ದೊಡ್ಡ ಕ್ಯಾನುಗಳನ್ನು ತಂದು ಆ ಸೀಟಿನ ಮೇಲೂ ಕೆಳಗೂ ಪೇರಿಸಿ ಉಬ್ಬು ಹತ್ತಿಸಿದೆ. ಶಬ್ದವಿಲ್ಲ. ಇಳಿಸಿದೆ. ಟಕ್. ಅಂಗಡಿಯವನು ಬಾಗಿಲಲ್ಲಿ ನಿಂತು, "ಏನಕ್ಕಾ, ಇಡ್ತೀರಿ ತೆಗೀತೀರಿ, ತಗೋತೀರೋ ಇಲ್ವೋ?" ಅಂದ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ನನ್ನ ಕಿವಿ ಸರಿಯಾಗಿತ್ತು! ಶಬ್ದ ನಿಜ. ಪಕ್ಕದಲ್ಲಿ ಯಾರೂ ಇಲ್ಲದಾಗ ಮಾತ್ರ ಬರುವ ಶಬ್ದ.

ಖುಷಿ ಇಳಿದ ಮೇಲೆ ಇನ್ನೊಂದು ಹೊಳೆಯಿತು. ಇದನ್ನು ಅವನಿಗೆ ಹೇಳಬೇಕಾದರೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು.

*

ಅವನು ಯಾವುದೋ ಕಾರಿನಡಿ ಮಲಗಿದ್ದ. ಬೂಟು ಮಾತ್ರ ಕಾಣುತ್ತಿತ್ತು. ಮುಖ ಕಾಣದಿರುವುದೇ ಒಳ್ಳೆಯದೆನಿಸಿ ಬೂಟಿಗೇ ಹೇಳಿದೆ.

"ನಾನು ಸುಳ್ಳು ಹೇಳಿದ್ದೆ."

ಬೂಟು ಅಲ್ಲಾಡಲಿಲ್ಲ.

"ಇಬ್ಬರು ಅಲ್ಲ. ಒಬ್ಬಳೇ. ಪಕ್ಕದಲ್ಲಿ ಅಜ್ಜಿ ಕೂರ್ತಿದ್ಲು. ಈಗ ಇಲ್ಲ. ಊರಲ್ಲಿಲ್ಲ ಅಂತ ಅಲ್ಲ... ಇಲ್ಲ. ನೀವು ಕೇಳಿದಾಗ 'ಒಬ್ಬಳೇ' ಅಂತ ಬಾಯಲ್ಲಿ ಬರ್ಲಿಲ್ಲ."

ಅವನು ನಿಧಾನಕ್ಕೆ ಹೊರಗೆ ಜಾರಿ ಬಂದು ನೆಲದ ಮೇಲೇ ಎದ್ದು ಕೂತ. ಮೊದಲ ಸಲ ನನ್ನ ಮುಖವನ್ನು ನೇರ ನೋಡಿದ. ಕಣ್ಣು ಇಷ್ಟು ಕಂದು ಅಂತ ನನಗೆ ಗೊತ್ತಿರಲಿಲ್ಲ.

"ಶಬ್ದ ನಾನು ಒಬ್ಬಳೇ ಇದ್ದಾಗ ಮಾತ್ರ ಬರುತ್ತೆ," ಅಂದೆ. "ನೀವು ಕೂತ ಕೂಡ್ಲೇ ನಿಲ್ಲುತ್ತೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವನು ಎದ್ದು ಬೀದಿಗೆ ನಡೆದ. ವರ್ಕ್‌ಶಾಪಿನ ಮುಂದಿನ ಉಬ್ಬಿನ ಪಕ್ಕ ಮೊಣಕಾಲೂರಿ ಕೂತು, ಕಿವಿಯನ್ನು ರಸ್ತೆಯ ಕಡೆ ಬಗ್ಗಿಸಿ, ಕಾರು ತನ್ನಿ ಅಂತ ಕೈ ಮಾಡಿದ. ನನ್ನ ಕಾರಿನ ಹಿಂದಿದ್ದ ಆಟೋದವನು ಹಾರ್ನ್ ಹೊಡೆದ. ಉಬ್ಬಿನ ಪಕ್ಕ ಕೂತವನು ಕದಲಲಿಲ್ಲ.

ನಾನು ನಿಧಾನಕ್ಕೆ ಹತ್ತಿಸಿದೆ.

ಟಕ್.

ಕಿಟಕಿಯಿಂದ ನೋಡಿದರೆ ಅವನು ಕಣ್ಣು ಮುಚ್ಚಿಕೊಂಡಿದ್ದ. "ಕೇಳಿಸ್ತು," ಅಂದ. ಆಮೇಲೆ ಇನ್ನೂ ಮೆತ್ತಗೆ, "ಕೇಳಿಸ್ತು ರೀ."

ಕಾರಿನಡಿ ಟಾರ್ಚು ಹಿಡಿದು ನೋಡಿದ. ಕರೆದು ತೋರಿಸಿದ. ಕಾರು ಓಲಾಡದಂತೆ ಎರಡು ಚಕ್ರಗಳ ನಡುವೆ ಹಾದಿರುವ ಕಬ್ಬಿಣದ ಸರಳು; ಅದನ್ನು ಶಾಕಿಗೆ ಸೇರಿಸುವ ಕೊಂಡಿ, ಲಿಂಕ್ ರಾಡ್. ಹೊಸ ಸ್ಪ್ರಿಂಗಿನಿಂದ ಕಾರು ಎತ್ತರವಾಗಿತ್ತು, ಕೊಂಡಿ ಮಾತ್ರ ಹಳೇ ಉದ್ದದ್ದೇ. ಪಕ್ಕದ ಸೀಟು ಖಾಲಿಯಿದ್ದರೆ ಆ ಬದಿ ಇನ್ನಷ್ಟು ಮೇಲೇರಿ, ಉಬ್ಬು ಬಂದಾಗ ಸರಳಿನ ತುದಿ ಒಳಗಿನ ಕಬ್ಬಿಣದ ಚೌಕಟ್ಟಿಗೆ ತಾಗುತ್ತಿತ್ತು. ತಾಗಿದ ಕಡೆ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಬ್ರೇಕಿನ ಪೈಪು.

"ಹೀಗೇ ಬಿಟ್ಟಿದ್ರೆ ಒಂದು ದಿನ ಅದಕ್ಕೂ ತಾಗ್ತಿತ್ತು," ಅಂದ. ಮುಖ ಬಿಳಿಚಿಕೊಂಡಿತ್ತು. "ಎತ್ತರ ಮಾಡಿದ ಮೇಲೆ ಲಿಂಕಿನ ಉದ್ದ ನೋಡ್ಬೇಕಿತ್ತು. ಭಾರ ಕೂರಿಸಿ ನೋಡಿದೆ, ಖಾಲಿ ಇಟ್ಟು ನೋಡ್ಲಿಲ್ಲ. ನೀವು ಇಬ್ಬರು ಅಂದ್ರಿ, ಅಷ್ಟಕ್ಕೇ ನಂಬ್ಕೊಂಡೆ. ಶಬ್ದ ಇದೆ ಅಂದ್ರಿ, ಅದನ್ನ ಮಾತ್ರ ನಂಬ್ಲಿಲ್ಲ."

"ನಂಬಬೇಕಾದ್ದು ಬಿಟ್ಟು, ಬಿಡಬೇಕಾದ್ದು ನಂಬಿದ್ರಿ."

"ಹೂಂ."

ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದಿದ್ದರು. ಅವರಿಗೆ ಎಷ್ಟು ಕೇಳಿಸಿತ್ತೋ, ಎಲ್ಲವೂ ಕೇಳಿಸಿತ್ತು ಅಂತ ಕಾಣುತ್ತೆ. "ಅದಕ್ಕೇನು ಇಷ್ಟು ತಲೆ ಕೆಡಿಸ್ಕೋತೀರಾ? ದಿನಾ ಇವನನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡಿ. ಶಬ್ದ ತಾನಾಗೇ ನಿಲ್ಲುತ್ತೆ!"

ನನ್ನ ಕೆನ್ನೆ ಬಿಸಿಯಾಯಿತು. ಅವನೂ ಹಾಗೇ ಏನಾದರೂ ತಮಾಷೆ ಮಾಡುತ್ತಾನೆ ಅಂದುಕೊಂಡೆ. ಮಾಡಲಿ ಅಂತಲೂ ಅಂದುಕೊಂಡೆ.

"ಬೇಡ ಅತ್ತಿಗೆ," ಅಂದ, ಗಂಭೀರವಾಗಿ. "ಅಳತೆ ಹೊಂದಿಸೋ ಲಿಂಕ್ ಬರುತ್ತೆ, ಎರಡೂ ಕಡೆಗೆ ಹಾಕ್ತೀನಿ. ಒಬ್ಬರು ಕೂತ್ರೂ ಸರಿ ಇರ್ಬೇಕು, ಇಬ್ಬರು ಕೂತ್ರೂ ಸರಿ ಇರ್ಬೇಕು. ಶಬ್ದ ನಿಲ್ಲಿಸೋಕೆ ಅಂತ ಇವರು ಯಾರನ್ನೋ ಪಕ್ಕದಲ್ಲಿ ಕೂರಿಸ್ಕೊಳ್ಳೋ ಹಾಗೆ ಆಗ್ಬಾರದು."

ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಏನೇನೋ ಹೇಳುತ್ತಿದ್ದರು. ಚಂದ್ರನನ್ನು ತರುತ್ತೇನೆ, ಸಮುದ್ರ ಕುಡಿಯುತ್ತೇನೆ ಅಂತೆಲ್ಲ. ಇಷ್ಟು ಒಳ್ಳೆಯ ಮಾತನ್ನು ಒಬ್ಬನೂ ಹೇಳಿರಲಿಲ್ಲ.

*

ಲಿಂಕ್ ಹಾಕಿದ. ಭಾರವಿಟ್ಟು ನೋಡಿದ, ಖಾಲಿ ಇಟ್ಟು ನೋಡಿದ, ಅಣ್ಣನ ಕಟ್ಟಳೆ ಮುರಿದು ಒಬ್ಬನೇ ಓಡಿಸಿಯೂ ನೋಡಿದ. ಕಾರು ಮೌನವಾಯಿತು.

"ಸ್ವಲ್ಪ ದಿನ ಓಡಿದ ಮೇಲೆ ಒಂದು ಸಲ ಬಂದು ನಟ್ಟುಗಳ ಬಿಗಿ ನೋಡಿಸ್ಕೊಂಡು ಹೋಗಿ," ಅಂದ. ಆ ಒಂದು ಸಲವನ್ನು ನಾನು ಎಷ್ಟು ಜೋಪಾನವಾಗಿ ಇಟ್ಟುಕೊಂಡೆ! ಒಳ್ಳೇ ಚೂಡಿದಾರ ಹಾಕಿಕೊಂಡು ಹೋದರೆ, ಅವನು ಎಲ್ಲೂ ಕಾಣಲಿಲ್ಲ. ಅಣ್ಣನೇ ಬಗ್ಗಿ ಎಲ್ಲ ನೋಡಿ, "ಫಸ್ಟ್ ಕ್ಲಾಸಾಗಿದೆ ಕಣಮ್ಮ. ಇನ್ನು ನೀನು ಬರೋ ಅವಶ್ಯಕತೇನೇ ಇಲ್ಲ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕುತ್ತಿಗೆ ಹಿಸುಕಬೇಕು ಅನಿಸಿತು.

ಸುಮ್ಮನಿರುವ ಕಾರಿನಲ್ಲಿ ದಿನಗಳು ಹೋದವು. ಉಬ್ಬು ಬಂದಾಗಲೆಲ್ಲ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ಏನೂ ಇಲ್ಲ. ಒಂದು ನೆವ ಹುಟ್ಟಿಸುವುದು ಕಷ್ಟವಿರಲಿಲ್ಲ. ಎಡಕ್ಕೆ ಎಳೆಯುತ್ತೆ ಅನ್ನಬಹುದಿತ್ತು, ಬ್ರೇಕು ಕಿರುಗುಟ್ಟುತ್ತೆ ಅನ್ನಬಹುದಿತ್ತು. ಆದರೆ ಒಮ್ಮೆ ನನ್ನನ್ನು ನಂಬಿದವನ ಮುಂದೆ ಇನ್ನೊಂದು ಸುಳ್ಳು ಇಡಲು ಮನಸ್ಸು ಬರಲಿಲ್ಲ.

ಕೊನೆಗೆ ನೆವವಿಲ್ಲದೆಯೇ ಹೋದೆ.

ಅವನು ಬಾಗಿಲಲ್ಲೇ ಇದ್ದ. "ಏನು ಶಬ್ದ?"

"ಶಬ್ದ ಇಲ್ಲ."

"ಎಳೀತಿದೆಯಾ?"

"ಇಲ್ಲ."

"ಬ್ರೇಕು?"

"ಚೆನ್ನಾಗಿದೆ. ಕಾರಿಗೆ ಏನೂ ಆಗಿಲ್ಲ." ಉಸಿರು ಎಳೆದುಕೊಂಡೆ. "ನಿಮ್ಮನ್ನ ನೋಡೋಕೆ ಬಂದೆ."

ಗಾಜಿನ ಕೋಣೆಯಲ್ಲಿ ಅತ್ತಿಗೆ ಫೋನನ್ನು ಕಿವಿಗಿಟ್ಟುಕೊಂಡು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಅವನು ಬಟ್ಟೆ ತಗೊಂಡು ಒಂದೊಂದೇ ಬೆರಳು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅವತ್ತು ನಟ್ಟು ನೋಡ್ಸೋಕೆ ಬಂದಿದ್ರಲ್ಲ," ಅಂದ, ನೆಲ ನೋಡುತ್ತ. "ನಾನು ಇಲ್ಲೇ ಇದ್ದೆ. ಹಿಂದಿನ ಶೆಡ್ಡಲ್ಲಿ. ಅಣ್ಣಂಗೆ ನೀನೇ ನೋಡು ಅಂದೆ."

"ಯಾಕೆ?"

"ನಾನೇ ನೋಡಿದ್ರೆ, ಯಾವುದೋ ಸ್ವಲ್ಪ ಸಡಿಲ ಇದೆ, ಮುಂದಿನ ವಾರ ಮತ್ತೆ ಬನ್ನಿ ಅಂದ್ಬಿಡ್ತಿದ್ದೆ." ತಲೆಯೆತ್ತಿದ. "ಕೆಲಸದಲ್ಲಿ ಯಾವತ್ತೂ ಸುಳ್ಳು ಹೇಳಿಲ್ಲ ನಾನು. ಅವತ್ತು ಹೇಳಿಬಿಡ್ತೀನಿ ಅಂತ ಭಯ ಆಯ್ತು."

ನಾನು ಕಾರಿನ ಕಡೆ ನಡೆದೆ. ಕಾರಿನ ಬಾಗಿಲು ತೆರೆದು ಹಿಡಿದೆ. ಕೂರುವ ಮೊದಲು ಅವನು ಸೀಟನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಹಿಂದಕ್ಕೆ ತಳ್ಳಲಾ? ಕಾಲು ತಾಗುತ್ತೆ," ಅಂತ ಕೇಳಿದ. ಕೇಳದೆ ತಳ್ಳಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ತಳ್ಳಿ," ಅಂದೆ. "ಎಷ್ಟು ಬೇಕೋ ಅಷ್ಟು."

ಸೀಟು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಅವನು ಕೂತು, ಬೆಲ್ಟ್ ಹಾಕಿಕೊಂಡು, ಅಭ್ಯಾಸದಂತೆ ಕತ್ತನ್ನು ಚಕ್ರದ ಕಡೆ ಓರೆ ಮಾಡಿದ. ಆಮೇಲೆ ನೆನಪಾಗಿ, ನಾಚಿಕೊಂಡು, ಕತ್ತು ನೆಟ್ಟಗೆ ಮಾಡಿ ನನ್ನ ಕಡೆ ತಿರುಗಿದ.

"ಎಲ್ಲಿಗೆ?" ಅಂದ.

"ಗೊತ್ತಿಲ್ಲ. ನಿಮ್ಮ ಬಗ್ಗೆ ಏನಾದ್ರೂ ಹೇಳಿ. ಹೇಳಿ ಮುಗಿಯೋವರೆಗೆ ಓಡಿಸ್ತೀನಿ."

"ಹೇಳೋ ಅಂಥದ್ದು ಏನೂ ಇಲ್ಲ," ಅಂತ ಶುರು ಮಾಡಿದವನು ಪೆಟ್ರೋಲ್ ಬಂಕ್ ದಾಟಿದರೂ ಮುಗಿಸಲಿಲ್ಲ, ಪೇಟೆ ಮುಗಿದು ಗದ್ದೆ ಬಂದರೂ ಮುಗಿಸಲಿಲ್ಲ. ನಡುವೆ ಎಷ್ಟು ಉಬ್ಬು ಬಂದವೋ, ಎಷ್ಟು ಹಳ್ಳ ಬಂದವೋ. ಆಮೇಲೆ ಎಷ್ಟು ಯೋಚಿಸಿದರೂ ಅವುಗಳಲ್ಲಿ ಒಂದೂ ನನಗೆ ನೆನಪಿಲ್ಲ.